ಗುಂಡಯ್ಯನ ತೇಗು

ಶಾಂತಿಗ್ರಾಮದಿಂದ ಆಚೆ, ಹೆದ್ದಾರಿಯಿಂದ ಒಂದು ಮೈಲಿ ಒಳಗಿರುವ ಊರಿನ ಹಾಲಿನ ಡೇರಿಯ ಮುಂದೆ ಒಂದು ಕಲ್ಲುಬೆಂಚಿದೆ. ಬೆಳಗ್ಗೆ ಆರೂವರೆಯಿಂದ ಏಳೂವರೆಯವರೆಗೆ ಅದು ರವೀಶನದು. ಅವನ ಹೆಂಡತಿ ಕೋಮಲಾ ಎರಡು ಹಸು ಕರೆದು, ಕ್ಯಾನು ಹೊತ್ತು ತಂದು ಸಾಲಿನಲ್ಲಿ ನಿಲ್ಲುತ್ತಾಳೆ. ಅವನು ಕಾಲ ಮೇಲೆ ಕಾಲು ಹಾಕಿ ಕೂತು ಡೇರಿಗೆ ಬರುವ ಪೇಪರು ಬಿಡಿಸುತ್ತಾನೆ. ಪೇಪರು ಡೇರಿಯದು, ಅಭಿಪ್ರಾಯ ಮಾತ್ರ ಅವನ ಸ್ವಂತದ್ದು.

ರವೀಶ ಕೆಟ್ಟವನಲ್ಲ. ಐವತ್ಮೂರು ವಯಸ್ಸು, ಎರಡೆಕರೆಯಲ್ಲಿ ಮುಸುಕಿನ ಜೋಳ, ಒಂದಿಷ್ಟು ಶುಂಠಿ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಆದರೆ ಲೋಕದಲ್ಲಿ ಏನೇ ನಡೆಯಲಿ, ತನ್ನದೊಂದು ಮಾತು ಸೇರಿಸದೆ ಬಿಟ್ಟವನೂ ಅಲ್ಲ. ಎಲ್ಲೋ ಎರಡು ದೇಶ ಹೊಡೆದಾಡಿದರೆ ಇಬ್ಬರನ್ನೂ ತಂದು ಒಂದು ದಿನ ಶುಂಠಿ ಕೀಳಲು ಬಿಡಬೇಕು ಅನ್ನುತ್ತಾನೆ. ಆಲೂರಿನ ಕಡೆ ಆನೆ ಗದ್ದೆಗೆ ಇಳಿದರೆ ತಪ್ಪು ಆನೆಯದಲ್ಲ, ಫೋಟೋ ತೆಗೆಯಲು ಹೋದವರದು. ಹೆಂಗಸರಿಗೆ ಬಸ್ಸು ಬಿಟ್ಟಿ ಮಾಡಿ ದೇಶ ಹಾಳಾಯಿತು ಎಂದು ತೀರ್ಪು ಕೊಟ್ಟು, ಹಸುವಿನ ಹಿಂಡಿ ತರಲು ಅದೇ ಬಸ್ಸಿನಲ್ಲಿ ಕೋಮಲಾಳನ್ನು ಹಾಸನಕ್ಕೆ ಕಳಿಸುತ್ತಾನೆ. ಸಾಲಿನಲ್ಲಿ ನಿಂತವರಿಗೆ ಹೊತ್ತು ಹೋಗಬೇಕಲ್ಲ, ನಗುತ್ತಾರೆ. ಮನೆಯ ಹೆಂಚು ಸೋರುತ್ತಿದೆ ಎಂದರೆ ಮಾತ್ರ ಅವನ ಹತ್ತಿರ ಅಭಿಪ್ರಾಯವಿಲ್ಲ. "ನೋಡಾನ ಬಿಡು" ಅನ್ನುತ್ತಾನೆ. ಕೋಮಲಾ ಇಪ್ಪತ್ತೆಂಟು ವರ್ಷದಿಂದ ಎರಡನ್ನೂ ಕೇಳಿಕೊಂಡು ಬಂದವಳು.

ಆ ವರ್ಷ ಮುಂಗಾರಿನ ಹೊತ್ತಿಗೆ ಪೇಪರಿನಲ್ಲಿ, ಟಿವಿಯಲ್ಲಿ, ಎಲ್ಲೆಲ್ಲೂ ಹೃದಯಾಘಾತದ್ದೇ ಸುದ್ದಿ. ನಿನ್ನೆ ಒಬ್ಬರು, ಇವತ್ತು ಒಬ್ಬರು, ಅದೂ ನಮ್ಮ ಜಿಲ್ಲೆಯಲ್ಲೇ. ಎದೆಯಲ್ಲಿ ಸಣ್ಣಗೆ ಚುಳುಕ್ ಅಂದರೂ ಜನ ಇಸಿಜಿ ಮಾಡಿಸಲು ಓಡತೊಡಗಿದರು. ರವೀಶನಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಕ್ಕಿರಲಿಲ್ಲ. ಸಾಯುವವರಲ್ಲಿ ಅರ್ಧ ಜನ ಟಿವಿ ನೋಡಿ ಹೆದರಿಯೇ ಸಾಯುತ್ತಾರೆ, ಉಳಿದವರಿಗೆ ಇರುವುದು ಬರೀ ಗ್ಯಾಸು ಎಂದು ದಿನಾ ಹೇಳುತ್ತಿದ್ದ.

ಒಂದು ಬುಧವಾರ ಬೆಳಗ್ಗೆ ಗುಂಡಯ್ಯ ಡೇರಿಗೆ ಬಂದ. ರವೀಶನ ಮನೆಯಿಂದ ಮೂರು ಮನೆ ಆಚೆಯವನು, ಒಂದೇ ಹಸು, ಡೇರಿಯಲ್ಲಿ ನಲವತ್ತೇಳನೇ ನಂಬರು. ಕ್ಯಾನು ಕೆಳಗಿಟ್ಟು ಎದೆ ಒತ್ತಿಕೊಂಡ. ರಾತ್ರಿಯಿಂದ ಎದೆ ಹಿಡಿದಂತಿದೆ, ಎಡಗೈ ಭಾರ, ಏಳರ ಬಸ್ಸಿಗೆ ಹಾಸನಕ್ಕೆ ಹೋಗಿ ತೋರಿಸಿಕೊಂಡು ಬರಲೇ ಎಂದು ಕೇಳಿದ. ಕೇಳಿದ್ದು ಎಲ್ಲರನ್ನೂ, ನೋಡಿದ್ದು ಬೆಂಚಿನ ಕಡೆಗೆ.

ರವೀಶ ಪೇಪರು ಇಳಿಸಲಿಲ್ಲ. "ಗ್ಯಾಸು ಕಣ್ ಗುಂಡಣ್ಣ. ಆಸನ್ದಲ್ಲಿ ಊರಿಗೂರೇ ಕ್ಯೂ ನಿಂತದೆ, ನೀನೂ ಓಗಿ ನಿಂತ್ಕಂಡ್ರೆ ಸಾಯಂಕಾಲ ಅಸ ಕರ‍್ಯೋರ‍್ಯಾರು? ಒಂದು ಸೋಡಾ ಕುಡಿ. ತೇಗು ಬಂತೋ, ಎಲ್ಲ ಸರಿ ಓಯ್ತದೆ."

ಎದುರಿನ ಅಂಗಡಿಯಿಂದ ಯಾರೋ ಸೋಡಾ ತಂದುಕೊಟ್ಟರು. ಗುಂಡಯ್ಯ ಗಟಗಟ ಕುಡಿದು, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತ. ಆಮೇಲೆ ಉದ್ದಕ್ಕೆ ತೇಗಿದ. ಇಡೀ ಸಾಲು ನಕ್ಕಿತು, ಗುಂಡಯ್ಯನೂ ನಕ್ಕ. ಓಯ್ತಲ್ಲ ನಿನ್ ಆರ್ಟ್ ಅಟ್ಯಾಕು ಎಂದು ರವೀಶ ಪುಟ ತಿರುಗಿಸಿದ. ಹೆದ್ದಾರಿಯಲ್ಲಿ ಏಳರ ಬಸ್ಸಿನ ಹಾರನ್ನು ಕೇಳಿಸಿ ದೂರವಾಯಿತು.

ಕೋಮಲಾ ಗುಂಡಯ್ಯನ ಹಿಂದೆಯೇ ನಿಂತಿದ್ದಳು. ಆ ಚಳಿಗಾಳಿಯಲ್ಲೂ ಅವನ ಅಂಗಿ ಬೆನ್ನಿಗೆ ಅಂಟಿದ್ದನ್ನು, ತುಟಿ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ಕಂಡಳು. ಹಾಸನಕ್ಕೆ ಹೋಗಣ್ಣ ಅನ್ನುವ ಮಾತು ನಾಲಗೆಯವರೆಗೆ ಬಂತು. ಹತ್ತು ಜನರ ಮುಂದೆ ಗಂಡನ ಮಾತು ತೆಗೆದುಹಾಕುವುದು ಹೇಗೆ? ಮನೆಗೆ ಹೋದಮೇಲೆ ಅವನ ಹೆಂಡತಿ ಮಲ್ಲಿಗಮ್ಮನ ಕಿವಿಗೆ ಹಾಕೋಣ ಎಂದುಕೊಂಡಳು. ಮನೆಗೆ ಹೋದಳು, ಕೊಟ್ಟಿಗೆಯ ಕೆಲಸಕ್ಕೆ ಕೈ ಹಾಕಿದಳು, ಮರೆತಳು.

ಸಂಜೆ ಕರೆಯುವ ಹೊತ್ತು ಮೀರಿದರೂ ಗುಂಡಯ್ಯನ ಹಸು ಕೂಗುವುದು ನಿಲ್ಲಲಿಲ್ಲ. ಗಂಡನಿಗೆ ನಿದ್ದೆ ಹತ್ತಿದೆ, ಮಲಗಿರಲಿ ಎಂದು ಮಲ್ಲಿಗಮ್ಮ ಎಬ್ಬಿಸಿರಲಿಲ್ಲ. ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

ತಿಥಿ ಮುಗಿಯುವ ತನಕ ಆ ಮನೆಯವರು ಡೇರಿಯ ಕಡೆ ಬರುವಂತಿಲ್ಲ. ಹಸುವಿಗೆ ಸೂತಕವಿಲ್ಲ, ಎರಡು ಹೊತ್ತೂ ಕರೆಯಲೇಬೇಕು. ಕೋಮಲಾ ಯಾರೂ ಹೇಳದೆಯೇ ಹೋಗಿ ಕರೆದಳು, ತನ್ನ ಕ್ಯಾನಿನ ಜೊತೆ ಆ ಕ್ಯಾನನ್ನೂ ಹೊತ್ತು ತಂದು ನಲವತ್ತೇಳನೇ ನಂಬರಿಗೆ ಸುರಿದಳು. ಹಾಲು ಅಳೆಯುವ ಮಿಷನ್ನು ಪ್ರತಿ ಸಲವೂ ಒಂದು ಚೀಟಿ ಕೊಡುತ್ತಿತ್ತು, ಅದರಲ್ಲಿ ಗುಂಡಯ್ಯ ಎಂಬ ಹೆಸರಿರುತ್ತಿತ್ತು.

ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ತಪ್ಪು ಹೇಳಿಬಿಟ್ಟೆ ಎಂದು ರವೀಶ ಒಮ್ಮೆ, ಮನೆಯೊಳಗಾದರೂ, ತನ್ನೊಬ್ಬಳ ಮುಂದಾದರೂ ಹೇಳಬೇಕು. ಅವನು ಹೇಳಿದರೆ, ನಾನೂ ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ ಎಂದು ತಾನೂ ಹೇಳಿ ಅತ್ತುಬಿಡಬಹುದು. ಎರಡು ದಿನ ಅವನು ಬೆಂಚಿನ ಕಡೆ ಹೋಗಲಿಲ್ಲ, ಊಟವನ್ನೂ ಸರಿಯಾಗಿ ಮಾಡಲಿಲ್ಲ. ಇನ್ನೇನು ಬಾಯಿ ಬಿಡುತ್ತಾನೆ ಎಂದು ಅವಳು ಕಾದಳು. ಮೂರನೇ ದಿನ ಅವನು ಬೆಂಚಿನ ಮೇಲಿದ್ದ, ಪೇಪರು ಕೈಯಲ್ಲಿತ್ತು. ಗುಂಡಣ್ಣ ಬೀಡಿ ಜಾಸ್ತಿ ಸೇದುತ್ತಿದ್ದ, ಟೈಮು ಬಂದರೆ ಯಾವ ಡಾಕ್ಟರು ತಾನೆ ತಡೆಯುತ್ತಾನೆ ಎಂದ. ಸಾಲಿನವರು ತಲೆಯಾಡಿಸಿದರು. ಆ ತೇಗಿಗೆ ಅವರೂ ನಕ್ಕಿದ್ದರಲ್ಲ, ಆ ಅಭಿಪ್ರಾಯ ಎಲ್ಲರಿಗೂ ಅನುಕೂಲವಾಗಿಯೇ ಇತ್ತು.

ತಿಥಿಯ ಮಾರನೇ ಬೆಳಗ್ಗೆ ಮಲ್ಲಿಗಮ್ಮ ತಾನೇ ಕ್ಯಾನು ಹಿಡಿದು ಬಂದಳು. ಜನ ದಾರಿ ಬಿಟ್ಟರು. ಅವಳು ಸಾಲಿಗೆ ಹೋಗದೆ ನೆಟ್ಟಗೆ ಬೆಂಚಿನ ಮುಂದೆ ಬಂದು ನಿಂತಳು. ರವೀಶ ಪೇಪರು ಮಡಚಿದ.

"ರವೀಶಪ್ಪ, ನಿಂಗೊಂದ್ ಮಾತು ಯೋಳ್ಬೇಕು ಅಂತಿದ್ದೆ," ಎಂದಳು. "ಟಿವಿ ನೋಡ್ಕಂಡು ಒಂದ್ ವಾರದಿಂದ ನಿದ್ದೇನೇ ಮಾಡಿರ್ನಿಲ್ಲ ಅವ್ರು, ಅಷ್ಟು ಎದ್ರಕಂಡಿದ್ರು. ಅವತ್ತು ಮನೆಗ್ ಬಂದು, ರವೀಶ ಗ್ಯಾಸು ಅಂದ ಕಣಮ್ಮಿ, ಏನೂ ಇಲ್ವಂತೆ ಅಂದ್ಬುಟ್ಟು ನೆಮ್ದಿಯಾಗಿ ಮನಿಕಂಡ್ರು. ಎದ್ರಕಂಡು ಓಗ್ನಿಲ್ಲ ಕಣಪ್ಪ. ಅಷ್ಟಾದ್ರೂ ಆಯ್ತಲ್ಲ ನಿನ್ನಿಂದ."

ರವೀಶನ ಬಾಯಿ ಅರ್ಧ ತೆರೆಯಿತು. ಈಗ ಹೇಳುತ್ತಾನೆ ಎಂದುಕೊಂಡಳು ಕೋಮಲಾ. ಅವನು ಮಲ್ಲಿಗಮ್ಮನ ಮುಖ ನೋಡಲಾರದೆ ಅವಳ ಕೈಯಲ್ಲಿದ್ದ ಕ್ಯಾನು ನೋಡಿದ. ಆಲು ಆಕ್ಬುಡೋಗಕ್ಕ, ತಡ ಆಯ್ತದೆ ಎಂದ. ಅವಳು ಹೋಗಿ ಹಾಲು ಹಾಕಿದಳು. ಗಂಡನ ಹೆಸರಿನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ಗಂಟಿಗೆ ಕಟ್ಟಿಕೊಂಡು ಮನೆಗೆ ನಡೆದಳು.

ಅಂದಿನಿಂದ ಕೋಮಲಾ ಒಂದು ಹೊಸ ಅಭ್ಯಾಸ ಗಮನಿಸಿದಳು. ರವೀಶ ಬೆಂಚಿಗೆ ಬರುವ ಮೊದಲು ಎದುರಿನ ಅಂಗಡಿಯಲ್ಲಿ ಒಂದು ಸೋಡಾ ಕುಡಿಯುತ್ತಿದ್ದ. ಪೇಪರು ಓದುತ್ತಿದ್ದ, ಆನೆಯ ಬಗ್ಗೆ, ಯುದ್ಧದ ಬಗ್ಗೆ ಮಾತಾಡುತ್ತಿದ್ದ. ನಡುವೆ ಅಂಗೈಯಿಂದ ಎದೆ ತಿಕ್ಕಿಕೊಳ್ಳುತ್ತಿದ್ದ. ಶುಂಠಿ ಹೊಲದ ಏರು ಹತ್ತುವಾಗ ಎರಡು ಕಡೆ ಕೂರುತ್ತಿದ್ದ. ಒಂದು ಮಧ್ಯಾಹ್ನ ಮುದ್ದೆ ಬಡಿಸುತ್ತಾ, ನಾಳೆ ಬೆಳಗ್ಗೆ ಹಾಸನಕ್ಕೆ ಹೋಗಿ ಒಂದು ಸಲ ತೋರಿಸಿಕೊಂಡು ಬರೋಣ ಎಂದಳು. ಈ ಸಲ ಅವಳು ಸುಮ್ಮನಿರಲಿಲ್ಲ, ಮೂರು ಸಲ ಹೇಳಿದಳು, ಕೊನೆಗೆ ಕಾಲು ಹಿಡಿಯುತ್ತೇನೆ ಎಂದಳು.

ನೋಡಾನ ಬಿಡು ಅನ್ನುತ್ತಾನೆ ಎಂದುಕೊಂಡಿದ್ದಳು. ರವೀಶ ಮುರಿದ ಮುದ್ದೆಯ ತುತ್ತನ್ನು ತಟ್ಟೆಗೇ ಇಟ್ಟ.

"ಎಂಗ್ ಓಗ್ಲೇ ಕೋಮಲಾ?" ಎಂದ. "ನಾನೇ ಓಗಿ ಆಸ್ಪತ್ರೇಲಿ ಕ್ಯೂ ನಿಂತ್ಕಂಡ್ರೆ, ಗುಂಡಣ್ಣಂಗೆ ಯಾಕ್ಲಾ ಬ್ಯಾಡ ಅಂದೆ ಅಂತ ಮಲ್ಲಿಗಮ್ಮ ಕೇಳಲ್ವಾ?"

ಅವಳು ಇಷ್ಟು ದಿನ ಕಾದಿದ್ದ ಮಾತು ಈ ರೂಪದಲ್ಲಿ ಬಂದಿತ್ತು. ಅದರ ಹಿಂದೆ ತನ್ನ ಮಾತನ್ನು ಹೇಳಿ ಅಳಬಹುದೆಂದು ಅಂದುಕೊಂಡಿದ್ದಳು, ಅಳು ಬರಲಿಲ್ಲ. ಅವನು ಉಳಿದ ಮುದ್ದೆ ನುಂಗಿ ಕೈ ತೊಳೆದು ಎದ್ದ.

ಮಾರನೇ ಬೆಳಗ್ಗೆ ಏಳರ ಬಸ್ಸು ಹಾರನ್ನು ಹೊಡೆದು ಹೋಯಿತು. ರವೀಶ ಅಂಗಡಿಯ ಮುಂದೆ ನಿಂತು ಸೋಡಾ ಕುಡಿದು ಕಣ್ಣು ಮುಚ್ಚಿದ. ಸಾಲಿನಲ್ಲಿ ಕ್ಯಾನು ಹಿಡಿದು ನಿಂತ ಕೋಮಲಾ ಅವನಿಗೆ ತೇಗು ಬರಲಿ ಎಂದು ಕಾದಳು.