ರಾಣಿ ಕೊಟ್ಟು ಗೆದ್ದ ಊಟ

ಯಲ್ಲಾಪುರದ ಉಪನಯನದ ಮನೆಯಲ್ಲಿ ಊಟಕ್ಕೆ ಬಾಳೆ ಹಾಕುತ್ತಿದ್ದಾಗ, ನಾನು ಭಾವನ ರಾಜನ ಪಕ್ಕದಲ್ಲೇ ನನ್ನ ರಾಣಿಯನ್ನು ಸಕಲ ಗೌರವಗಳೊಂದಿಗೆ ಇಟ್ಟು “ಚೆಕ್” ಎಂದೆ. ಚೆಸ್ ಕಲಿತ ಹೊಸತು. ನನ್ನ ಸೋಲನ್ನು ಪಂಕ್ತಿಯಲ್ಲಿ ಹೋಳಿಗೆಗಿಂತ ಮೊದಲು ಬಡಿಸುವುದು ಭಾವನ ವಾಡಿಕೆ.

ರಾಣಿಗೆ ನನ್ನ ಕುದುರೆಯ ಕಾವಲಿದ್ದುದರಿಂದ ರಾಜ ಮುಟ್ಟುವಂತಿರಲಿಲ್ಲ. ಭಾವ ಆನೆಯಿಂದ ಹೊಡೆದು ನಕ್ಕರು: “ರಾಣಿನೂ ಹೋತಲಾ! ಇನ್ನೆಂತ ಇದ್ದು? ಏಳು, ಊಟಕ್ಕೆ ಹೋಪ.”

ನಾನು ಕುದುರೆ ಹಾರಿಸಿದೆ. “ಚೆಕ್. ರಾಜಂಗೊಂದು ಜಾಗ ಹುಡುಕಿ ಕೊಡು ಭಾವ, ಆಮೇಲೆ ಹೋಪ.”

ಮೂಲೆಯ ರಾಜನಿಗೆ ಸ್ವಂತ ಆನೆ, ಕಾಲಾಳುಗಳೇ ದಾರಿ ಕಟ್ಟಿ ನಿಂತಿದ್ದವು; ಚೆಕ್‌ಮೇಟ್. ಅಂದು ಪಂಕ್ತಿಗೆ ವರದಿ ನಾನೇ ಒಪ್ಪಿಸಿದೆ.

ಈಗ ನಾನು ನಿಜವಾಗಿ ಕಣ್ತಪ್ಪಿ ರಾಣಿಯನ್ನು ಅವರ ಆನೆಯ ಬಾಯಿಗಿಟ್ಟರೂ ಭಾವ ಮುಟ್ಟುವ ಧೈರ್ಯ ಮಾಡುವುದಿಲ್ಲ.