ಟೆಂಟಿನಲ್ಲಿ ಕಂಡ ಕೋಡಂಗಿ

ನಮ್ಮ ಚಿಕ್ಕಪ್ಪ ಕೋಡಂಗಿ. ಬೈಗುಳವಲ್ಲ, ಯಳಂದೂರು ಸುತ್ತಿನ ಹಳ್ಳಿಗಳ ಬಯಲಾಟದಲ್ಲಿ ನಗಿಸುವ ಪಾತ್ರ ಅವನದು. ಹೆಗಲ ಮೇಲೆ ಉದ್ದನೆಯ ಬಿದಿರು ಗಳ ಹೊತ್ತು ಬರುತ್ತಿದ್ದ. ಹಿಂದಿನಿಂದ ಯಾರಾದರೂ ಕರೆದರೆ ಗರಕ್ಕನೆ ತಿರುಗುತ್ತಿದ್ದ. ಗಳದ ತುದಿ ಮಂತ್ರಿಯ ಕಿರೀಟ ಹಾರಿಸುತ್ತಿತ್ತು. ಇತ್ತ ತಿರುಗಿದರೆ ರಾಜನಿಗೇ ಏಟು. ಕೊನೆಗೆ ತಾನೇ ದಬಕ್ಕನೆ ಬೀಳುತ್ತಿದ್ದ. ಊರಿಗೆ ಊರೇ ನಗುತ್ತಿತ್ತು, ನಮ್ಮಪ್ಪನೊಬ್ಬನನ್ನು ಬಿಟ್ಟು.

ಅಪ್ಪ ಹೊಲ ಗದ್ದೆಯ ಗತ್ತಿನ ಮನುಷ್ಯ. "ಕೋಡಂಗಿಗೆ ಯಾವನ್ಲಾ ಎಣ್ಣು ಕೊಟ್ಟಾನು? ಇನ್ಮೇಲೆ ಬಣ್ಣ ಅಚ್ಚುದ್ರೆ ಈ ಒಸ್ಲು ತುಳೀಬ್ಯಾಡ" ಎಂದುಬಿಟ್ಟ. ಕೇಳೋನು ಕೋಡಂಗಿ ಆದರೆ ಹೇಳೋನು ಈರಭದ್ರ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಅಕ್ಷರಶಃ ನಡೆಯಿತು. ಚಿಕ್ಕಪ್ಪ ಗಳವನ್ನು ಅಟ್ಟಕ್ಕೆ ಹಾಕಿದ. ಆದರೆ ಅವನಿಗೆ ಊಟ ಸೇರದಾಯಿತು. ನನಗೆ ಅಪ್ಪನ ಮೇಲೆ ಕೆಟ್ಟ ಕೋಪ ಬಂದಿತ್ತು.

ಆ ಬೇಸಿಗೆ ಕೊಳ್ಳೇಗಾಲಕ್ಕೆ ಟೆಂಟು ಸಿನಿಮಾ ಬಂತು. ಚಿತ್ರಗಳಿಗೆ ಇನ್ನೂ ಮಾತು ಬಾರದ ಕಾಲ. ಗಾಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋದೆವು. ಪರದೆಯ ಪಕ್ಕ ಒಬ್ಬ ನಿಂತು ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಕತೆ ಕೂಗುತ್ತಿದ್ದ. ಅವನ ಕೂಗು ಯಾರಿಗೂ ಬೇಕಾಗಲಿಲ್ಲ. ಯಾವುದೋ ದೇಶದ ಬಿಳಿಯನೊಬ್ಬ ಏಣಿ ಹೊತ್ತು ಬಂದ, ಕರೆದ ಕಡೆಗೆಲ್ಲ ತಿರುಗಿದ, ಪೊಲೀಸಿನವನ ಟೋಪಿ ಹಾರಿತು. ಥೇಟ್ ಚಿಕ್ಕಪ್ಪ! ನಾನು ಹೆಂಗಸರ ಸಾಲಿನಿಂದ ಕತ್ತು ಚಾಚಿ ಗಂಡಸರ ಕಡೆ ನೋಡಿದೆ. ಅಪ್ಪ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ಪಕ್ಕದಲ್ಲಿದ್ದ ಚಿಕ್ಕಪ್ಪ ಪರದೆ ಬಿಟ್ಟು ಅಪ್ಪನ ಮುಖವನ್ನೇ ನೋಡುತ್ತಿದ್ದ.

ವಾಪಸು ಬರುವಾಗ ಗಾಡಿಯಲ್ಲಿ ಕೇಳಿಯೇಬಿಟ್ಟ: "ಅಣ್ಣಾ, ನಾನೂ ಅದ್ನೇ ಅಲ್ವಾ ಮಾಡ್ತಿದ್ದುದು? ನನ್ ನೋಡಿ ಯಾಕೆ ನಗ್ನಿಲ್ಲ ನೀನು?"

ಅಪ್ಪ ಎತ್ತುಗಳನ್ನು ಚುರುಕಾಗಿ ಹೊಡೆದ. "ಅವ್ನು ನಮ್ಮನೆಯವ್ನಲ್ಲ ಕಣ್ಲಾ" ಎಂದ.

ಆ ಮಾತು ನನಗೂ ಚುಚ್ಚಿತು. ಚಿಕ್ಕಪ್ಪ ಮತ್ತೆ ಆ ಸುದ್ದಿಗೇ ಹೋಗಲಿಲ್ಲ.

ಸುಗ್ಗಿ ಮುಗಿದ ಮೇಲಿನ ಆಟದಲ್ಲಿ ಬೇರೊಬ್ಬ ಗಳ ಹೊತ್ತ. ಚಿಕ್ಕಪ್ಪ ಜಗಲಿಯಲ್ಲಿ ಮುಸುಕು ಹಾಕಿ ಮಲಗಿಬಿಟ್ಟಿದ್ದ. ನೋಡಲು ಹೋಗಿದ್ದ ಅಪ್ಪ, ಆಟ ಇನ್ನೂ ನಡೆಯುತ್ತಿರುವಾಗಲೇ ಎದ್ದು ಬಂದು ಅವನ ಮುಂದೆ ನಿಂತ.

"ಅವ್ನಿಗೆ ಬೀಳಕ್ಕೇ ಬರಲ್ಲ ಕಣ್ಲಾ. ಏಳು, ಓಗಿ ಬಣ್ಣ ಅಚ್ಕೋ" ಎಂದು ತಾನೇ ಕಂಬಳಿ ಎಳೆದ.