ಗೋಕಾಕದ ಪರೀಕ್ಷೆಯಲ್ಲಿ ನಪಾಸಾದ ಯುರೋಪು

ಪುಣೆ ಹತ್ತಿರದ ನಿಗಡಿಯ ನಮ್ಮ ಸೊಸೈಟಿಯಲ್ಲಿ ಯುರೋಪ್ ನೋಡಿ ಬಂದ ಮನೆಗಳು ಹದಿನಾಲ್ಕು. ನೋಡದೆಯೇ ಅದನ್ನು ರಿಜೆಕ್ಟ್ ಮಾಡಿದ ಮಹಾನುಭಾವರು ಒಬ್ಬರೇ, ಎರಡನೇ ಮಾಳಿಗೆಯ ಮುರುಗೆಪ್ಪನವರು. ಅವರ ಕೆಳಗಿನ ಮನೆಯವನು ನಾನು, ಬಾಳಕೃಷ್ಣ. ಎರಡು ವರ್ಷ ಅವರ ಬೆನ್ನಿಗೆ ಬಿದ್ದು ಪುಸ್ತಕದಂಗಡಿ ಸುತ್ತಿದ ಪಾಪಿಯೂ ನಾನೇ. ಹೇಳುವಾಗ ನನ್ನ ಮೈ ಉರಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಮುರುಗೆಪ್ಪ ಮೂಲತಃ ಗೋಕಾಕದವರು. ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ಹೊರಗಿನಿಂದ ಬೋಲ್ಟಿನ ಪೆಟ್ಟಿಗೆ ಬಂದರೆ ಐದು ಬೋಲ್ಟು ತೆಗೆದು ಅಳೆಯುವುದು, ಒಂದು ಕೆಟ್ಟಿದ್ದರೂ ಇಡೀ ಪೆಟ್ಟಿಗೆಗೆ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುವುದು, ಇದು ಅವರ ಕೆಲಸ. ರಿಟೈರ್ ಆದ ಮೇಲೂ ಚಟ ಬಿಡಲಿಲ್ಲ. ಕೊತ್ತಂಬರಿ ಸೂಡಿನಲ್ಲಿ ಒಂದು ಹಳದಿ ಎಲೆ ಕಂಡರೆ ಸೂಡನ್ನೇ ತಿರುಗಿ ಕೊಡುತ್ತಾರೆ. ಇವರು ಬರುವುದನ್ನು ಕಂಡರೆ ತರಕಾರಿಯವಳು ಬುಟ್ಟಿಯ ಮೇಲೆ ಗೋಣಿಚೀಲ ಎಳೆಯುತ್ತಾಳೆ.

ಅವರ ಹೆಂಡತಿ ಶಿವಬಸವ್ವ ನನಗೆ ವೈನಿ, ಅಂದರೆ ಅತ್ತಿಗೆ; ಅವರಿಗೆ ಹೂವಿನ ಹುಚ್ಚು. ಬಾಲ್ಕನಿ ತುಂಬ ಕುಂಡಗಳು, ಕಾಲಿಡಲು ಜಾಗವಿಲ್ಲ. ಅವರಿಗೆ ಜೀವನದಲ್ಲಿ ಒಂದೇ ಆಸೆ, ಹಾಲೆಂಡಿನ ಟ್ಯೂಲಿಪ್ ತೋಟದಲ್ಲಿ ಗಂಡನ ಜೊತೆ ಒಮ್ಮೆ ಅಡ್ಡಾಡಬೇಕು. ಆ ತೋಟ ವರ್ಷಕ್ಕೆ ಸುಮಾರು ಎಂಟು ವಾರ ಮಾತ್ರ ತೆರೆದಿರುತ್ತದೆ, ಏಪ್ರಿಲ್ ತಪ್ಪಿದರೆ ಮುಂದಿನ ವರ್ಷವೇ. ವೈನಿಯ ಮೊಣಕಾಲುಗಳಾದರೋ ಅಷ್ಟು ಕಾಯುವ ಸ್ಥಿತಿಯಲ್ಲಿರಲಿಲ್ಲ. ಎರಡು ವರ್ಷದೊಳಗೆ ಎರಡನ್ನೂ ಬದಲಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಮುರುಗೆಪ್ಪ ಹೂಂ ಅಂದರು, ಆದರೆ ಶರತ್ತು ಹಾಕಿದರು. “ಮೊದಲ ಒಂದು ಭರೋಸಾದ ಗೈಡ್ ಪುಸ್ತಕ ಆಗಬೇಕು. ಪುಸ್ತಕ ಪಾಸಾಗೂತನಕ ಟಿಕೀಟಿಲ್ಲ.”

ಹೋದೆವು, ಪುಣೆಯ ಪುಸ್ತಕದಂಗಡಿಗಳ ಪೇಟೆ ಅಪ್ಪಾ ಬಳವಂತ ಚೌಕಕ್ಕೆ. ಅಂಗಡಿಯ ಋಷಿಕೇಶ ದಪ್ಪನೆಯ ಯುರೋಪ್ ಪುಸ್ತಕ ತಂದಿಟ್ಟ. ಮುರುಗೆಪ್ಪ ಅದನ್ನು ಮುಟ್ಟಲೂ ಇಲ್ಲ. ಅದೇ ಕಂಪನಿಯವರ ಭಾರತದ ಪುಸ್ತಕ ಕೊಡು ಎಂದರು. ನಾನು ಕಕ್ಕಾಬಿಕ್ಕಿ.

“ಯುರೋಪ್ ನಾ ನೋಡಿಲ್ಲಪಾ. ಅವ್ರು ಸುಳ್ಳು ಬರದ್ರ ನನಗ ಹೆಂಗ ತಿಳೀಬೇಕು? ಗೋಕಾಕದ ಬಗ್ಗೆ ಏನ್ ಬರದಾರ ನೋಡೂಣು. ಅದು ನನಗ ಗೊತ್ತದ. ಸ್ಯಾಂಪಲ್ ತಪಾಸ ಮಾಡಬೇಕು.”

ಸುಳ್ಳೇಕೆ ಹೇಳಲಿ, ಆ ಕ್ಷಣ ನನಗೂ ಭಲೇ ಅನಿಸಿತು. ಪುಸ್ತಕ ಆರಿಸುವ ಇಷ್ಟು ಒಳ್ಳೆಯ ಉಪಾಯ ನನ್ನ ತಲೆಗೆ ಹೊಳೆದಿರಲಿಲ್ಲ. ಅವರು ಪುಟ ತೆರೆದರು. ಗೋಕಾಕ ಜಲಪಾತ ನೋಡಲು ಮಾರ್ಚ್ ತಿಂಗಳು ಒಳ್ಳೆಯದು ಎಂದಿತ್ತು.

“ಮಾರ್ಚಿನ್ಯಾಗ ಅಲ್ಲಿ ಕಲ್ಲು ಬಿಟ್ರ ಏನಿರ್ತದ? ಇವ್ರು ನಮಗ ಪ್ಯಾರಿಸ್ ತೋರಸ್ತಾರಂತ!” ಎಂದು ಪುಸ್ತಕ ಮುಚ್ಚಿದರು. ಎರಡನೆಯ ಕಂಪನಿಯ ಪುಸ್ತಕದಲ್ಲಿ ಜಲಪಾತ ಸರಿಯಾಗಿತ್ತು, ಕರದಂಟಿನ ಹೆಸರೇ ಇರಲಿಲ್ಲ. ಅದೂ ಔಟ್. ಮೂರನೆಯದು ಗೋಕಾಕವನ್ನು ಎತ್ತಿಕೊಂಡು ಹೋಗಿ ಮಹಾರಾಷ್ಟ್ರದಲ್ಲಿ ಕೂಡಿಸಿತ್ತು. ಮುರುಗೆಪ್ಪ ನಡುಅಂಗಡಿಯಲ್ಲಿ ಕನ್ನಡದಲ್ಲಿ ಗರ್ಜಿಸಿದರು. ಸುತ್ತ ನಿಂತ ಮರಾಠಿ ಗಿರಾಕಿಗಳು ತಿರುಗಿ ನೋಡಿದ್ದೇ, ದನಿ ತಗ್ಗಿಸಿ ನನ್ನ ಕಿವಿಯಲ್ಲಿ ಉಳಿದದ್ದನ್ನು ಗರ್ಜಿಸಿದರು.

“ಕಾಕಾ, ಘ್ಯಾಯಚ ಆಹೇ ಕಾ ನಾಹೀ?” ಎಂದು ಋಷಿಕೇಶ ಕೇಳಿದ. ತೊಗೊಳ್ಳುವವರೋ ಅಲ್ಲವೋ ಎಂಬ ಅವನ ಪ್ರಶ್ನೆ ನನ್ನದೂ ಆಗಿತ್ತು. ಇವರು ಆಗಲೇ ಹೊರಗೆ ನಡೆದಿದ್ದರು. ಆ ವರ್ಷದ ಏಪ್ರಿಲ್ ಹೀಗೆ ಹೋಯಿತು.

ಮನೆಗೆ ಬಂದು ಮೂರನೆಯ ಕಂಪನಿಗೆ ಇಂಗ್ಲಿಷಿನಲ್ಲಿ ನಾಲ್ಕು ಪುಟದ ಪತ್ರ ಬರೆದರು, ಗೋಕಾಕದ ನಕಾಶೆಯ ಸಮೇತ. ತಪ್ಪು ಒಪ್ಪಿಕೊಳ್ಳುವ ಕಂಪನಿಯಾದರೆ ಅವರ ಯುರೋಪನ್ನು ನಂಬಬಹುದಂತೆ. ಉತ್ತರ ಬರಲಿಲ್ಲ. ಮರುವರ್ಷದ ಏಪ್ರಿಲ್ಲೂ ಹಾಗೇ ಹೋಯಿತು. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ವೈನಿ ಈಗ ಮೆಟ್ಟಿಲನ್ನು ಕಟಕಟೆ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದರು. ಜನವರಿಯಲ್ಲಿ ನನ್ನೆದುರಿಗೇ ಕೇಳಿದರು, “ಹೂವು ನಿಮ್ಮ ಪುಸ್ತಕಕ್ಕ ಕಾಯ್ತಾವೇನ್ರಿ?”

“ಸ್ವಲ್ಪ ತಡಿ, ಅವಸರ ಮಾಡಬ್ಯಾಡ” ಎಂದರು ಮುರುಗೆಪ್ಪ. ನಾನಾದರೂ ಒಂದು ಮಾತು ಆಡಬೇಕಿತ್ತು. ಚಹಾ ಕುಡಿಯುತ್ತಾ ಕೂತೆ. ನಾಚಿಕೆಯಾಗುತ್ತದೆ ಈಗ.

ಮಾರ್ಚಿನಲ್ಲಿ ಉತ್ತರ ಬಂದೇಬಿಟ್ಟಿತು! ತಪ್ಪಾಗಿದೆ, ಮುಂದಿನ ಆವೃತ್ತಿಯಲ್ಲಿ ತಿದ್ದುತ್ತೇವೆ, ತಮ್ಮ ಕಾಳಜಿಗೆ ಈ ಯುರೋಪ್ ಪುಸ್ತಕ ಕಾಣಿಕೆ ಎಂದು ಬರೆದಿದ್ದರು. ಮುರುಗೆಪ್ಪ ಸೊಸೈಟಿಯ ವಾಚ್‌ಮನ್‌ಗೂ ಪತ್ರ ಓದಿ ಹೇಳಿದರು. ನನ್ನ ಕೈ ಹಿಡಿದು ಎಳೆದುಕೊಂಡು ಮೇಲೆ ಹೋದರು. “ಶಿವಬಸವ್ವಾ, ಪುಸ್ತಕ ಪಾಸ್! ನಡಿ ಹೋಗೂಣು!”

ವೈನಿ ಶೇಂಗಾ ಚಟ್ನಿಯನ್ನು ಚೀಲಕ್ಕೆ ತುಂಬುತ್ತಿದ್ದರು. ತಲೆ ಎತ್ತಲಿಲ್ಲ. “ನನ್ನ ವೀಸಾನೂ ಬಂತ್ರಿ” ಎಂದರು.

ಪಕ್ಕದ ವಿಂಗಿನ ಹರಿಣಾಕ್ಷಿಬಾಯಿಯ ಜೊತೆ ವೈನಿ, ಹೆಂಗಸರೇ ಹೋಗುವ ಟೂರಿಗೆ ಜನವರಿಯಲ್ಲೇ ಹೆಸರು ಕೊಟ್ಟಿದ್ದರಂತೆ. ಅವರು ವೀಸಾಕ್ಕೆ ಬೆರಳಚ್ಚು ಕೊಡಲು ಹೋದ ದಿನ ಈ ಗಂಡ ನನ್ನ ಜೊತೆ ಚೌಕದಲ್ಲಿ ನಿಂತು ನಾಲ್ಕನೆಯ ಪುಸ್ತಕದ ಗೋಕಾಕ ಓದುತ್ತಿದ್ದರು.

“ಮತ್ತ ನಾ?”

“ಬರೇ ಹೆಣ್ಮಕ್ಕಳದ್ರಿ ಅದು.”

“ಅಲ್ಲಿ ದಾರಿ ತಪ್ಪಿದ್ರ? ಪುಸ್ತಕರೆ ಒಯ್ಯಿ.”

“ಮುಕ್ತಾ ಅಂತ ಟೂರಿನ ಹುಡುಗಿ ಅದಾಳ್ರಿ. ಆಕಿ ತೋರಸ್ತಾಳ. ಪುಸ್ತಕ ಭಾಳ ವಜ್ಜ ಆಗ್ತದ.”

ಏಪ್ರಿಲ್ ಹದಿನಾರು, ಮಧ್ಯಾಹ್ನ ಮೂರೂವರೆ. ವೈನಿಯ ವಿಡಿಯೋ ಕಾಲ್ ಬಂತು. ಮುರುಗೆಪ್ಪ ಒಂದು ಕೈಯಲ್ಲಿ ಫೋನು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತಿದ್ದರು. ಪರದೆಯ ತುಂಬ ಕೆಂಪು, ಹಳದಿ, ನೇರಳೆ. ನಾನಂತೂ ಬಾಯಿ ಬಿಟ್ಟು ನೋಡಿದೆ.

“ಕಾಲುವೆ ಬಾಜೂಕ ಗಾಳಿಗಿರಣಿ ಕಾಣಬೇಕು. ಕಾಣ್ತದೇನು?” ಎಂದರು ಮುರುಗೆಪ್ಪ.

“ಕಾಣ್ತದರಿ.”

“ನೋಡು! ನಾ ಹೇಳಿದ್ದಿಲ್ಲ? ಪುಸ್ತಕ ಖರೆ ಅದ!”

ವೈನಿ ಅಂದರು, “ಪುಸ್ತಕ ಖರೆ ಅದರಿ. ನಿಮ್ಮ ಜೋಡಿನ ಬರಬೇಕಂತ ನಾ ಎರಡು ವರ್ಷ ಕುಂತಿದ್ದೂ ಖರೆನ. ಇಲ್ಲಿ ಎಲ್ಲಾರೂ ಫೋಟೋ ತಗಸ್ಕೊಳ್ಳಾಕತ್ತಾರ. ನಂಗ ಒಬ್ಬಾಕಿಗೆ ನಿಂದ್ರಾಕ ಮನಸಾಗವಲ್ದು.”

ಮುರುಗೆಪ್ಪ ಪುಸ್ತಕ ಮುಚ್ಚಿದರು. ಎರಡು ವರ್ಷದಲ್ಲಿ ಅವರ ಬಾಯಿಂದ ಒಮ್ಮೆಯೂ ಕೇಳದ ಮಾತು ಆಗ ಕೇಳಿದೆ.

“ಮೊಣಕಾಲು ಹೆಂಗ ಅದಾವ?”

“ಅಣ್ಣಾರ, ನಾ ಹರಿಣಾಕ್ಷಿ” ಎಂದಿತು ಫೋನು. “ಅವ್ರು ನನ್ನ ಕೈಯಾಗ ಫೋನ್ ಕೊಟ್ಟು ಮುಂದ ಹೋದ್ರರಿ.”